ಹೆಸರು ಬದಿಗಿಟ್ಟು ನೋಡುವುದು: ಅಮೂರ್ತ ಚಿತ್ರಗಳ ಸಹಾಯದಿಂದ ದಿನನಿತ್ಯದ ರೂಢಿಗಳನ್ನು ಹೊಸದಾಗಿ ಕಾಣುವ ಬಗೆ

ಮನೆಯಿಂದ ಹೊರಟು ನಾಲ್ಕು ಹೆಜ್ಜೆ ಇಟ್ಟಮೇಲೆ ‘ಬೀಗ ಹಾಕಿದೆನೋ ಇಲ್ಲವೋ’ ಎಂಬ ಅನುಮಾನ ಬಂದು ಹಿಂದಿರುಗುವವರಲ್ಲಿ ನಾನೂ ಒಬ್ಬ. ಬಾಗಿಲು ಎಳೆದದ್ದು ನನ್ನ ಕೈ, ಕೀಲಿ ತಿರುಗಿಸಿದ್ದು ನನ್ನ ಕೈ, ಅದನ್ನು ಜೇಬಿಗೆ ಹಾಕಿಕೊಂಡದ್ದೂ ನನ್ನದೇ ಕೈ. ಆದರೂ ಅರ್ಧ ನಿಮಿಷದ ಹಿಂದಿನ ಆ ಕೆಲಸದ ಒಂದು ಗುರುತೂ ಮನಸ್ಸಿನಲ್ಲಿ ಉಳಿದಿರುವುದಿಲ್ಲ. ಹೋಗಿ ನೋಡಿದರೆ ಬೀಗ ಬಿದ್ದೇ ಇರುತ್ತದೆ.

ಟಾಲ್‌ಸ್ಟಾಯ್ 1897ರಲ್ಲಿ ತಮ್ಮ ದಿನಚರಿಯಲ್ಲಿ ಇಂಥದ್ದೇ ಒಂದು ಅನುಭವ ಬರೆದಿಟ್ಟಿದ್ದಾರೆ. ಕೋಣೆಯ ಧೂಳು ಒರೆಸುತ್ತ ಒಂದು ಸುತ್ತು ಬಂದು ಸೋಫಾದ ಮುಂದೆ ನಿಂತಾಗ, ಅದನ್ನು ಒರೆಸಿ ಆಯಿತೋ ಇನ್ನೂ ಇಲ್ಲವೋ ಅವರಿಗೆ ನೆನಪಾಗಲಿಲ್ಲ. ಒರೆಸಿ ಮರೆತಿದ್ದರೆ ಅದು ಒರೆಸದೇ ಇದ್ದುದಕ್ಕೆ ಸಮ ಎಂದುಕೊಂಡ ಅವರು, ಬದುಕೆಲ್ಲ ಹೀಗೆ ಅರಿವಿಗೆ ಬಾರದೆ ಕಳೆದುಹೋದರೆ ಅದು ಇರಲೇ ಇಲ್ಲವೆಂದಂತೆ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಇದೇ ಟಿಪ್ಪಣಿಯನ್ನು ಎತ್ತಿಕೊಂಡು ರಷ್ಯದ ವಿಮರ್ಶಕ ವಿಕ್ಟರ್ ಶ್ಕ್ಲೋವ್‌ಸ್ಕಿ 1917ರಲ್ಲಿ ಒಂದು ಪ್ರಬಂಧ ಬರೆದರು. ಒಗ್ಗಿಹೋದದ್ದನ್ನು ಮತ್ತೆ ಅಪರಿಚಿತವಾಗಿಸುವುದೇ ಕಲೆಯ ಕೆಲಸ ಎಂಬುದು ಅವರ ವಾದ. ಗುರುತು ಹತ್ತುವ ವಸ್ತುಗಳನ್ನು ಬಿಟ್ಟು ಬಣ್ಣ, ಗೆರೆ, ಆಕಾರಗಳನ್ನಷ್ಟೇ ಇಡುವ ಅಮೂರ್ತ ಚಿತ್ರಕಲೆ ಕಣ್ಣು ಬಿಟ್ಟದ್ದೂ ಅದೇ ಕಾಲದಲ್ಲಿ. ಚಿತ್ರಕಾರ ಮಲೆವಿಚ್ ತಮ್ಮ ‘ಕಪ್ಪು ಚೌಕ’ ಚಿತ್ರವನ್ನು ಜನರ ಮುಂದಿಟ್ಟದ್ದು 1915ರಲ್ಲಿ.

ನಾನು ಕಂಡುಕೊಂಡದ್ದು ಇಷ್ಟು. ರೂಢಿಯಾದ ಕೆಲಸದಲ್ಲಿ ನಾವು ವಸ್ತುವನ್ನು ನೋಡುವುದಿಲ್ಲ, ಅದರ ಹೆಸರನ್ನು ಓದಿ ಮುಂದೆ ಹೋಗುತ್ತೇವೆ. ‘ಬಾಗಿಲು’, ‘ಕೀಲಿ’, ‘ಬೀಗ’ ಎಂದು ಒಳಗೆ ಚೀಟಿ ಅಂಟಿದೊಡನೆ ಕಣ್ಣಿನ ಕೆಲಸ ಮುಗಿಯುತ್ತದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಿತ್ತಲ ಗಿಡ ಕಣ್ಣಿಗೆ ಬೀಳುವುದೇ ಇಲ್ಲ. 1979ರಲ್ಲಿ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ಅಲ್ಲಿನ ಜನರಿಗೆ ಒಂದು ಸೆಂಟಿನ ನಾಣ್ಯವನ್ನು ನೆನಪಿನಿಂದ ಬಿಡಿಸಲು ಹೇಳಿದರು. ದಿನಾ ಕೈಯಲ್ಲಿ ಆಡಿಸುವ ನಾಣ್ಯ. ಆದರೂ ಅದರ ಮುಖ್ಯ ಲಕ್ಷಣಗಳಲ್ಲಿ ಅರ್ಧದಷ್ಟನ್ನು ಸರಿಯಾದ ಜಾಗದಲ್ಲಿಡಲು ಹೆಚ್ಚಿನವರಿಗೆ ಆಗಲಿಲ್ಲ.

ಅಮೂರ್ತ ಚಿತ್ರ ಹೆಸರು ಕೊಡುವುದಿಲ್ಲ. ‘ಇದೇನು?’ ಎಂದು ಕೇಳಿದರೆ ಉತ್ತರವಿಲ್ಲ. ಉತ್ತರ ಸಿಗದಿದ್ದಾಗ ಕಣ್ಣು ಕೆಲಸ ಬಿಟ್ಟು ಏಳುವಂತಿಲ್ಲ, ಬಣ್ಣ, ಅಂಚು, ಅಂತರ, ಭಾರಗಳ ಜೊತೆ ಇರಲೇಬೇಕು. ಆ ಕಣ್ಣನ್ನು ಹಾಗೆಯೇ ಎತ್ತಿಕೊಂಡು ಬಂದು ನಮ್ಮ ದಿನಚರಿಯ ಮೇಲೆ ಇಡುವುದು ಹೇಗೆ ಎಂಬುದನ್ನು ಕೆಳಗೆ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ. ಚಿತ್ರ ಬಿಡಿಸಲು ಬರಬೇಕಿಲ್ಲ. ದಿನಕ್ಕೆ ಅರ್ಧ ಗಂಟೆಯಂತೆ ನಾಲ್ಕು ವಾರ ಬೇಕು.

ಮೊದಲ ಹೆಜ್ಜೆ: ಒಂದೇ ಒಂದು ರೂಢಿ

ತುಂಬ ಸಣ್ಣದನ್ನು ಆರಿಸಿಕೊಳ್ಳಿ. ದಿನಾ ಮಾಡುವಂಥದ್ದು, ಐದು ನಿಮಿಷದೊಳಗೆ ಮುಗಿಯುವಂಥದ್ದು, ಕೈಗೆ ಕೆಲಸವಿರುವಂಥದ್ದು. ಹಲ್ಲುಜ್ಜುವುದು, ಬಟ್ಟೆ ಮಡಚುವುದು, ಹಾಸಿಗೆ ಸರಿ ಮಾಡುವುದು, ಪಾತ್ರೆ ತೊಳೆಯುವುದು, ಮೆಟ್ಟಿಲು ಹತ್ತುವುದು ಇವೆಲ್ಲ ಆಗುತ್ತವೆ. ಬಿಡಬೇಕು ಎಂದುಕೊಂಡಿರುವ ಚಟವನ್ನು ಮಾತ್ರ ಆರಿಸಬೇಡಿ. ಅಲ್ಲಿ ನೋಡುವುದಕ್ಕಿಂತ ತೀರ್ಪು ಕೊಡುವುದೇ ಹೆಚ್ಚಾಗುತ್ತದೆ. ವಾಹನ ಓಡಿಸುವುದು, ಬೆಂಕಿ ಅಥವಾ ಚೂರಿಯ ಕೆಲಸವೂ ಬೇಡ, ಅಲ್ಲಿ ಕೈಯ ರೂಢಿಯೇ ನಿಮ್ಮನ್ನು ಕಾಯುತ್ತಿರುತ್ತದೆ.

ನಾನು ಬೀಗ ಹಾಕುವುದನ್ನು ಆರಿಸಿಕೊಂಡೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಬೀಗವನ್ನೋ ಒಲೆಯನ್ನೋ ಮತ್ತೆ ಮತ್ತೆ ಹೋಗಿ ನೋಡದೆ ಇರಲಾಗದಷ್ಟು ಕಾಟವಿದ್ದರೆ ಈ ಕೆಲಸವನ್ನು ಆರಿಸಬೇಡಿ. ಅದಕ್ಕೆ ವೈದ್ಯರ ಸಲಹೆ ಬೇಕು, ಚಿತ್ರವಲ್ಲ.

ಆರಿಸಿದಮೇಲೆ ಆ ಕೆಲಸ ಮಾಡುವ ಮುಂಚೆ ಒಂದು ಹಾಳೆಯಲ್ಲಿ ಅದರ ಬಗ್ಗೆ ನೆನಪಿರುವುದನ್ನೆಲ್ಲ ಬರೆಯಿರಿ. ಯಾವ ಕೈ ಮೊದಲು ಮುಂದೆ ಹೋಗುತ್ತದೆ? ಯಾವ ಸದ್ದು ಮೊದಲು, ಯಾವುದು ಆಮೇಲೆ? ಎಲ್ಲಿ ಬಲ ಹಾಕುತ್ತೀರಿ, ಎಲ್ಲಿ ಬಿಡುತ್ತೀರಿ? ಗೊತ್ತಿಲ್ಲದ ಕಡೆ ಊಹಿಸಿ ತುಂಬಬೇಡಿ, ಜಾಗ ಖಾಲಿ ಬಿಡಿ. ನನ್ನ ಹಾಳೆಯಲ್ಲಿ ಆರು ಸಾಲು ಬಂತು, ಅದರಲ್ಲಿ ಎರಡು ತಪ್ಪೆಂದು ಆಮೇಲೆ ಗೊತ್ತಾಯಿತು. ಈ ಹಾಳೆ ಜೋಪಾನವಾಗಿರಲಿ.

ಎರಡನೇ ಹೆಜ್ಜೆ: ಒಂದೇ ಒಂದು ಚಿತ್ರ

ನಾಲ್ಕೂ ವಾರಕ್ಕೆ ಒಂದೇ ಚಿತ್ರ ಸಾಕು. ಹತ್ತಿರದಲ್ಲಿ ಕಲಾ ಸಂಗ್ರಹಾಲಯವಿದ್ದರೆ ಒಮ್ಮೆಯಾದರೂ ಮೂಲ ಚಿತ್ರದ ಮುಂದೆ ಕೂತು ಬನ್ನಿ. ಇಲ್ಲದಿದ್ದರೆ ಒಳ್ಳೆಯ ಮುದ್ರಣ ಆಗುತ್ತದೆ. ಮೊಬೈಲ್ ಪರದೆ ತೀರಾ ಚಿಕ್ಕದು, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ.

ಯಾವ ಚಿತ್ರ ಎಂಬುದು ನಿಮ್ಮ ರೂಢಿಯ ಗುಣವನ್ನು ನೋಡಿಕೊಂಡು. ಒಂದೇ ಚಲನೆ ಮರುಕಳಿಸುವ ಕೆಲಸವಾದರೆ ಕಲಾವಿದೆ ಆಗ್ನೆಸ್ ಮಾರ್ಟಿನ್ ಅವರ ಚಿತ್ರ. ಆರು ಅಡಿ ಚೌಕದ ಕ್ಯಾನ್ವಾಸಿನ ಮೇಲೆ ಪೆನ್ಸಿಲಿನಿಂದ ಎಳೆದ ಅವರ ಗೆರೆಗಳು ದೂರದಿಂದ ಒಂದೇ ಮಂಜಿನಂತೆ ಕಾಣುತ್ತವೆ. ಹತ್ತಿರ ಹೋದರೆ ಪ್ರತಿ ಗೆರೆಯೂ ಕ್ಯಾನ್ವಾಸಿನ ನೂಲಿಗೆ ತಾಗಿ ತಾಗಿ ನಡುಗಿರುವುದು ಗೊತ್ತಾಗುತ್ತದೆ, ಒಂದು ಗೆರೆ ಇದ್ದಂತೆ ಇನ್ನೊಂದಿಲ್ಲ. ಬೆಳಕು, ಬಣ್ಣಗಳ ಮಧ್ಯೆ ನಡೆಯುವ ಕೆಲಸವಾದರೆ ಯೋಸೆಫ್ ಆಲ್ಬರ್ಸ್. ಅವರು 1950ರಿಂದ 1976ರಲ್ಲಿ ಸಾಯುವವರೆಗೂ ಚೌಕದೊಳಗೆ ಚೌಕವಿಟ್ಟು ಬಣ್ಣ ಬದಲಿಸುತ್ತ ಒಂದೇ ಸರಣಿಯನ್ನು ಸಾವಿರಕ್ಕೂ ಹೆಚ್ಚು ಚಿತ್ರಗಳಷ್ಟು ಬೆಳೆಸಿದರು. ಅರೆಗತ್ತಲಲ್ಲೋ ನಿದ್ದೆಗಣ್ಣಲ್ಲೋ ಮಾಡುವ ಕೆಲಸಕ್ಕೆ ಕಪ್ಪು ಚಿತ್ರಗಳ ಆಡ್ ರೈನ್‌ಹಾರ್ಟ್ ಹೊಂದುತ್ತಾರೆ. ಜಾಗ, ಅಂತರ, ನಡಿಗೆ ಇರುವ ಕೆಲಸಕ್ಕೆ ಭಾರತದ ಕಲಾವಿದೆ ನಸ್ರೀನ್ ಮೊಹಮೆದಿಯವರ ಗೆರೆಚಿತ್ರಗಳು.

ಇಷ್ಟವಾದದ್ದಕ್ಕಿಂತ ಸ್ವಲ್ಪ ಕಿರಿಕಿರಿ ಮಾಡುವ ಚಿತ್ರ ಒಳ್ಳೆಯದು ಎಂಬುದು ನನ್ನ ಅನುಭವ. ಇಷ್ಟವಾದದ್ದಕ್ಕೆ ‘ಚೆನ್ನಾಗಿದೆ’ ಎಂಬ ಚೀಟಿ ಬೇಗ ಅಂಟಿಬಿಡುತ್ತದೆ.

ಮೂರನೇ ಹೆಜ್ಜೆ: ಇಪ್ಪತ್ತು ನಿಮಿಷ ಕೂರುವುದು

ಇಡೀ ವಿಧಾನದ ಜೀವ ಇರುವುದು ಇಲ್ಲಿ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಜನ ಒಂದು ಕಲಾಕೃತಿಯ ಮುಂದೆ ನಿಲ್ಲುವುದು ಸರಾಸರಿ 27 ಸೆಕೆಂಡು. ಇದು ಹೆಸರು ಓದಿ ಮುಂದೆ ಹೋಗಲು ಬೇಕಾಗುವ ಸಮಯ. ನಮಗೆ ಬೇಕಾದದ್ದು ಆಮೇಲಿನದು.

ಫೋನು ಬೇರೆ ಕೋಣೆಯಲ್ಲಿರಲಿ. ಗಡಿಯಾರವೊಂದು ಇರಲಿ, ಪಕ್ಕದಲ್ಲಿ ಪೆನ್ಸಿಲ್, ಹಾಳೆ.

ಮೊದಲ ಮೂರ್ನಾಲ್ಕು ನಿಮಿಷ ಹೆಸರುಗಳು ಸಾಲುಗಟ್ಟಿ ಬರುತ್ತವೆ. ಮೋಡ, ಕಡಲು, ಕಿಟಕಿ, ಯಾರದೋ ಮುಖ. ತಡೆಯಲು ಹೋಗಬೇಡಿ. ಬಂದದ್ದನ್ನು ಬರೆದು ಅದರ ಮೇಲೊಂದು ಗೀಟು ಹಾಕಿ. ಹತ್ತು ಹನ್ನೆರಡು ಹೆಸರು ಆಗುವಷ್ಟರಲ್ಲಿ ಮನಸ್ಸಿನ ಸಂಗ್ರಹ ಬರಿದಾಗುತ್ತದೆ. ಆಗ ಒಂದು ಖಾಲಿ ಕ್ಷಣ ಬರುತ್ತದೆ, ಅದಕ್ಕಾಗಿ ಕಾಯಿರಿ.

ಈಗ ಅಂಚು ಹಿಡಿಯಿರಿ. ನಮ್ಮ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತಿರುತ್ತದೆ. ಅದಕ್ಕೆ ತೀರಾ ಸ್ಪಷ್ಟವಾಗಿ ಕಾಣುವುದು ಕೈ ಚಾಚಿದಾಗ ಹೆಬ್ಬೆರಳಿನ ಉಗುರು ಮುಚ್ಚುವಷ್ಟು ಜಾಗ ಮಾತ್ರ. ಉಳಿದದ್ದನ್ನು ಮಿದುಳು ಹೊಂದಿಸಿಕೊಳ್ಳುತ್ತದೆ. ರೂಢಿ ನುಸುಳುವುದೂ ಈ ಹೊಂದಿಸಿಕೊಳ್ಳುವಲ್ಲೇ. ಆದ್ದರಿಂದ ಚಿತ್ರದ ಒಂದು ಮೂಲೆಯಿಂದ ಹೊರಟು, ಒಂದು ಬಣ್ಣ ಇನ್ನೊಂದನ್ನು ಮುಟ್ಟುವ ಗಡಿಯ ಮೇಲೆ ಇರುವೆ ಹರಿದಂತೆ ನಿಧಾನವಾಗಿ ಕಣ್ಣು ಹರಿಸಿ. ಎಲ್ಲಿ ಗಡಿ ಚೂಪಾಗಿದೆ, ಎಲ್ಲಿ ಒಂದರೊಳಗೊಂದು ಒಸರಿದೆ, ಎಲ್ಲಿ ಕೆಳಗಿನ ಬಣ್ಣ ಇಣುಕಿದೆ? ಎಂಟನೇ ನಿಮಿಷದ ಹೊತ್ತಿಗೆ ದೂರ ಬದಲಿಸಿ. ಮೊದಲು ಕೋಣೆಯ ಆಚೆ ತುದಿಯಿಂದ, ಆಮೇಲೆ ಎರಡು ಮಾರು ದೂರದಿಂದ, ಕೊನೆಗೆ ತೀರಾ ಹತ್ತಿರದಿಂದ ನೋಡಿ. ಅಮೂರ್ತ ಚಿತ್ರಕಾರ ಮಾರ್ಕ್ ರಾಥ್ಕೊ ತಮ್ಮ ಆಳೆತ್ತರದ ಚಿತ್ರಗಳನ್ನು ಸುಮಾರು 18 ಇಂಚಿನಷ್ಟು ಹತ್ತಿರದಿಂದ ನೋಡಬೇಕೆಂದು ಬಯಸುತ್ತಿದ್ದರು. ಅಷ್ಟು ಹತ್ತಿರದಲ್ಲಿ ಚಿತ್ರಕ್ಕೆ ಚೌಕಟ್ಟು ಇರುವುದಿಲ್ಲ, ನೀವು ಬಣ್ಣದ ಒಳಗಿರುತ್ತೀರಿ.

ಹತ್ತರಿಂದ ಹದಿನೈದನೇ ನಿಮಿಷದ ನಡುವೆ ಬೇಸರ ಬರುತ್ತದೆ, ಎಲ್ಲರಿಗೂ ಬರುತ್ತದೆ. ಹೆಚ್ಚಿನವರು ಏಳುವುದು ಆಗಲೇ. ದಯವಿಟ್ಟು ಏಳಬೇಡಿ. ರೈನ್‌ಹಾರ್ಟ್ 1960ರಿಂದ ಮಾಡುತ್ತ ಬಂದ ಐದಡಿ ಚೌಕದ ಕಪ್ಪು ಚಿತ್ರಗಳು ಈ ಬೇಸರವನ್ನು ದಾಟಿದವರಿಗೆಂದೇ ಇರುವಂಥವು. ಮೊದಲ ನೋಟಕ್ಕೆ ಬರೀ ಕಪ್ಪು. ಕೂತಿದ್ದರೆ ಒಂದು ಕಪ್ಪಿನೊಳಗೆ ಕೆಂಪು, ಇನ್ನೊಂದರೊಳಗೆ ನೀಲಿ ಕಾಣತೊಡಗುತ್ತದೆ. ಆಮೇಲೆ ಮೂರು ಮೂರರಂತೆ ಒಂಬತ್ತು ಚೌಕಗಳು, ಅವುಗಳ ನಡುವೆ ಒಂದು ಶಿಲುಬೆಯಾಕಾರ ಕತ್ತಲಿಂದ ಮೇಲೆದ್ದು ಬರುತ್ತದೆ. ಅದು ಮೊದಲಿಂದಲೂ ಅಲ್ಲೇ ಇತ್ತು.

ಕೊನೆಯ ಐದು ನಿಮಿಷ ಒಂದೇ ಬಿಂದುವಿನ ಮೇಲೆ ದೃಷ್ಟಿ ನೆಟ್ಟು ಕೂರಿ. ಮಸುಕಾದ ಅಂಚುಗಳು ಮೆಲ್ಲನೆ ಕರಗಿ ಮಾಯವಾಗುತ್ತವೆ. ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್‌ಲರ್ ಇದನ್ನು 1804ರಲ್ಲೇ ಗುರುತಿಸಿದ್ದರು. ಬದಲಾಗದೆ ಇರುವುದನ್ನು ಕಣ್ಣು ಅಳಿಸಿಹಾಕುತ್ತದೆ. ನಂತರ ದೃಷ್ಟಿಯನ್ನು ಕೂದಲೆಳೆಯಷ್ಟು ಸರಿಸಿ. ಅಳಿಸಿಹೋಗಿದ್ದೆಲ್ಲ ಥಟ್ಟನೆ ವಾಪಸು ಬರುತ್ತದೆ. ದಿನಾ ನೋಡುವ ಬಾಗಿಲು ಹೇಗೆ ಮಾಯವಾಗುತ್ತದೆ, ಅದನ್ನು ಮರಳಿ ತರಲು ಎಷ್ಟು ಸಣ್ಣ ಸರಿದಾಟ ಸಾಕು ಎಂಬುದನ್ನು ನಿಮ್ಮ ಕಣ್ಣೇ ನಿಮಗೆ ತೋರಿಸಿಕೊಡುವ ಹೊತ್ತು ಅದು.

ನಾಲ್ಕನೇ ಹೆಜ್ಜೆ: ಆ ಕಣ್ಣನ್ನು ಕೆಲಸದ ಮೇಲಿಡುವುದು

ಮೊದಲ ವಾರ ಬರೀ ಚಿತ್ರ. ಎರಡನೇ ವಾರದಿಂದ ದಿನಾ ಚಿತ್ರದ ಮುಂದೆ ಕೂತೆದ್ದ ಕೂಡಲೇ, ಬೇರೆ ಯಾವುದಕ್ಕೂ ಕೈ ಹಾಕದೆ, ನಿಮ್ಮ ರೂಢಿಯ ಕೆಲಸ ಮಾಡಿ. ಎಂದಿನ ವೇಗವೇ ಇರಲಿ. ನಿಧಾನ ಮಾಡಿದರೆ ಅದು ಬೇರೆಯೇ ಕೆಲಸವಾಗುತ್ತದೆ.

ಎಲ್ಲವನ್ನೂ ಗಮನಿಸಲು ಹೊರಟರೆ ಏನೂ ಸಿಗದು. ದಿನಕ್ಕೊಂದೇ ಗುಣ ಹಿಡಿಯಿರಿ. ಒಂದು ದಿನ ಅಂಚು: ಯಾವುದು ಯಾವುದನ್ನು ಮುಟ್ಟುತ್ತದೆ. ಮರುದಿನ ಬಿಡುವು: ಒಂದು ಚಲನೆಗೂ ಮುಂದಿನದಕ್ಕೂ ನಡುವೆ ಎಷ್ಟು ಹೊತ್ತು. ಆಮೇಲೆ ಒತ್ತಡ, ಬಣ್ಣ, ಬಿಸಿ-ತಂಪು. ಮುಗಿದ ಕೂಡಲೇ ಎರಡು ಸಾಲು ಬರೆಯಿರಿ. ವಸ್ತುವಿನ ಹೆಸರು ಬಳಸಬಾರದು ಎಂಬುದೊಂದೇ ಕಟ್ಟಳೆ. ‘ಕೀಲಿ ತಿರುಗಿಸಿದೆ’ ಎಂದು ಬರೆಯುವಂತಿಲ್ಲ. ‘ತಣ್ಣಗಿನ, ತೆಳ್ಳಗಿನ ಅಂಚು ಹೆಬ್ಬೆರಳಿನ ಮೆತ್ತೆಯೊಳಗೆ ಇಳಿಯಿತು’ ಎಂದು ಬರೆಯಬಹುದು.

ನನ್ನ ಬಾಗಿಲಿನ ಮುಂದೆ ನಡೆದದ್ದು ಇದು. ಮೊದಲೆರಡು ದಿನ ವಿಶೇಷವೇನೂ ಇಲ್ಲ. ಬಿಡುವನ್ನು ಗಮನಿಸಿದ ದಿನ, ಕೀಲಿ ಎರಡು ಸುತ್ತು ತಿರುಗುತ್ತದೆ, ಎರಡರ ನಡುವೆ ನನ್ನ ಕೈ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತದೆ ಎಂದು ಗೊತ್ತಾಯಿತು. ಒತ್ತಡದ ದಿನ, ಮೊದಲ ಸುತ್ತು ಹಗುರ, ಎರಡನೆಯದು ಬಿಗಿ, ಅದರ ಕೊನೆಯಲ್ಲಿ ಮಣಿಕಟ್ಟಿಗೆ ಒಂದು ಮೊಂಡು ಏಟು. ಸದ್ದೆಂದು ನಾನು ತಿಳಿದಿದ್ದದ್ದು ನಿಜವಾಗಿ ಆ ಏಟು. ಮೂರನೇ ವಾರ ಅಂಚಿಗೆ ಮರಳಿದಾಗ ಬೆರಗಾದೆ. ನನ್ನ ಎಡಗೈ ಹಿಡಿಕೆಯನ್ನು ಹಿಡಿದು ಬಾಗಿಲನ್ನು ತುಸು ಮೇಲಕ್ಕೆ ಎತ್ತುತ್ತಿತ್ತು. ಕೀಲು ಸಡಿಲವಾಗಿ ಬಾಗಿಲು ಜಗ್ಗಿದೆ, ಎತ್ತದಿದ್ದರೆ ಎರಡನೇ ಸುತ್ತು ಬೀಳುವುದೇ ಇಲ್ಲ. ಎಷ್ಟು ವರ್ಷಗಳಿಂದ ಎತ್ತುತ್ತ ಬಂದಿದೆಯೋ ಆ ಕೈ. ನನ್ನ ಮೊದಲ ಹಾಳೆಯಲ್ಲಿ ಎಡಗೈಯ ಹೆಸರೇ ಇರಲಿಲ್ಲ.

ಬರೆಯುವುದು ಕಷ್ಟವೆನಿಸಿದರೆ ಕ್ಯಾಮೆರಾ ಬಳಸಿ, ಆದರೆ ವಸ್ತು ಪೂರ್ತಿ ಕಾಣದಂತೆ ತೀರಾ ಹತ್ತಿರದಿಂದ. ನಸ್ರೀನ್ ಮೊಹಮೆದಿ (1937–1990) ರಸ್ತೆಯ ಮೇಲಿನ ಗೆರೆ, ಮಗ್ಗದ ದಾರ, ಕಡಲ ದಂಡೆಯ ಮರಳು ಇವನ್ನೆಲ್ಲ ಹೀಗೆ ಕಪ್ಪು ಬಿಳುಪಿನಲ್ಲಿ ತೆಗೆದಿಡುತ್ತಿದ್ದರು. ಬದುಕಿರುವವರೆಗೆ ಅವನ್ನು ಪ್ರದರ್ಶನಕ್ಕಿಡಲಿಲ್ಲ, ಅವು ಅವರ ಕಣ್ಣಿನ ಸ್ವಂತ ಅಭ್ಯಾಸವಾಗಿದ್ದವು. ದಿನಚರಿ ಪುಸ್ತಕದ ಸಾಲುಗಳನ್ನೂ ಶಾಯಿಯ ಪಟ್ಟಿಗಳಿಂದ ಮುಚ್ಚಿ, ಪುಟವನ್ನೇ ಗೆರೆಗಳ ಚಿತ್ರವಾಗಿಸಿದ್ದರು.

ಐದನೇ ಹೆಜ್ಜೆ: ಬಿಡಿಸುವುದು

ಮೂರನೇ ವಾರದ ಕೊನೆಗೆ ಇದಕ್ಕೆ ಕೈ ಹಾಕಿ. ಬೇಕಾದದ್ದು: ಅಂಗೈಯಗಲದ ಚೌಕಾಕಾರದ ದಪ್ಪ ಹಾಳೆಗಳು, ಪೆನ್ಸಿಲ್ ಅಥವಾ ಇದ್ದಿಲು, ಎರಡು ಬಣ್ಣ ಮತ್ತು ಬಿಳಿ, ಒಂದು ಅಗಲ ಕುಂಚ, ಒಂದು ಹಳೆಯ ಗಟ್ಟಿ ಕಾರ್ಡು. ಕಾರ್ಡಿನ ಅಂಚಿನಿಂದ ಬಣ್ಣ ಎಳೆದರೆ ಕುಂಚ ಹೇಳದ ಒತ್ತಡವನ್ನು ಅದು ಹೇಳುತ್ತದೆ.

ದಾರಿ ತೋರಿಸಲು ಡಚ್ ಚಿತ್ರಕಾರ ಮಾಂಡ್ರಿಯನ್ ಬಿಡಿಸಿದ ಮರಗಳಿವೆ. 1908ರ ಸುಮಾರಿನ ಅವರ ಕೆಂಪು ಮರದಲ್ಲಿ ಮರ ಮರವಾಗಿಯೇ ಇದೆ. 1911ರ ಬೂದು ಮರದಲ್ಲಿ ಕೊಂಬೆಗಳು ಬಾಗಿದ ಗೆರೆಗಳಾಗಿವೆ, ಕೊಂಬೆಗಳ ನಡುವಿನ ಗಾಳಿಗೂ ಕೊಂಬೆಯಷ್ಟೇ ತೂಕ ಬಂದಿದೆ. 1912ರ ಹೂಬಿಟ್ಟ ಸೇಬಿನ ಮರದಲ್ಲಿ ಹೆಸರು ಹೇಳದಿದ್ದರೆ ಮರವೆಂದು ಗೊತ್ತಾಗುವುದೇ ಕಷ್ಟ. ನೀವೂ ಹೀಗೆ ಮೂರು ಹಾಳೆಗಳಲ್ಲಿ ಇಳಿಯುತ್ತ ಹೋಗಿ. ಮೊದಲ ಹಾಳೆಯಲ್ಲಿ ಕೆಲಸವನ್ನು ಕಂಡಂತೆ ಗೀಚಿ, ಚೆನ್ನಾಗಿ ಬರಬೇಕಿಲ್ಲ. ಎರಡನೆಯದರಲ್ಲಿ ವಸ್ತುಗಳನ್ನೆಲ್ಲ ಬಿಟ್ಟು ಚಲನೆಯ ದಿಕ್ಕುಗಳು ಮಾತ್ರ. ಮೂರನೆಯದರಲ್ಲಿ ಭಾರ ಮತ್ತು ಬಿಡುವು ಮಾತ್ರ: ಎಲ್ಲಿ ಬಲ ಹೆಚ್ಚೋ ಅಲ್ಲಿ ಬಣ್ಣ ದಟ್ಟ, ಎಲ್ಲಿ ಕೈ ನಿಂತಿತೋ ಅಲ್ಲಿ ಖಾಲಿ ಹಾಳೆ.

ಬಣ್ಣ ಹಚ್ಚುವ ಮುಂಚೆ ಆಲ್ಬರ್ಸ್ ತಮ್ಮ ವಿದ್ಯಾರ್ಥಿಗಳಿಂದ ಮಾಡಿಸುತ್ತಿದ್ದ ಒಂದು ಪ್ರಯೋಗವನ್ನು ಮಾಡಿ ನೋಡಿ. ಒಂದೇ ಬೂದು ಕಾಗದದಿಂದ ಎರಡು ತುಂಡು ಕತ್ತರಿಸಿ. ಒಂದನ್ನು ಕಪ್ಪಿನ ಮೇಲೆ, ಇನ್ನೊಂದನ್ನು ಬಿಳಿಯ ಮೇಲೆ ಇಡಿ. ಒಂದೇ ಕಾಗದ, ಆದರೆ ಎರಡು ಬೂದು. ಬಣ್ಣ ತಾನೊಂದೇ ಇದ್ದಾಗ ಏನು ಎಂಬುದಕ್ಕಿಂತ ಯಾವುದರ ಪಕ್ಕದಲ್ಲಿದೆ ಎಂಬುದೇ ಅದನ್ನು ನಿರ್ಧರಿಸುತ್ತದೆ. ಇದು ಕೈಗೆ ಹತ್ತಿದಮೇಲೆ ದಿನಚರಿಯನ್ನೂ ಹಾಗೆ ನೋಡಬಹುದು. ಬೆಳಗಿನ ಬೀಗ ಮತ್ತು ರಾತ್ರಿಯ ಬೀಗ ಒಂದೇ ಕೆಲಸವಲ್ಲ ಎಂದು ನನಗೆ ಹೊಳೆದದ್ದು ಈ ಎರಡು ತುಂಡು ಕಾಗದದಿಂದ. ಬೆಳಗ್ಗೆ ಅದರ ಪಕ್ಕದಲ್ಲಿ ಅವಸರವಿದೆ, ರಾತ್ರಿ ದಣಿವು.

ಆತುರ ಬೇಡ. ಭಾರತದ ಅಮೂರ್ತ ಚಿತ್ರಕಾರ ವಿ. ಎಸ್. ಗಾಯತೊಂಡೆ (1924–2001) ವರ್ಷಕ್ಕೆ ಐದಾರು ಕ್ಯಾನ್ವಾಸುಗಳನ್ನಷ್ಟೇ ಮುಗಿಸುತ್ತಿದ್ದರು. ರೋಲರ್ ಮತ್ತು ಚಪ್ಪಟೆ ಚಾಕುಗಳಿಂದ ಪದರದ ಮೇಲೆ ಪದರ ಹಚ್ಚಿ, ಕೆರೆದು, ಮತ್ತೆ ಹಚ್ಚುತ್ತಿದ್ದರು. ಉಳಿದ ದಿನಗಳು ಕಾಯುವುದಕ್ಕೆ. ನೀವೂ ಒಂದು ಪದರ ಹಚ್ಚಿದಮೇಲೆ ಒಂದು ದಿನ ಬಿಡಿ, ಆ ದಿನ ರೂಢಿಯ ಕೆಲಸ ಮಾಡಿ, ಆಮೇಲೆ ಮುಂದಿನ ಪದರ.

ಚಿತ್ರ ಕೆಟ್ಟಿತು ಎನಿಸಿದರೆ ಹರಿಯಬೇಡಿ. ಚಂದ ಇಲ್ಲಿ ಅಳತೆಗೋಲಲ್ಲ. ಅದನ್ನು ನೋಡುವಾಗ ನಿಮ್ಮ ಮಣಿಕಟ್ಟಿಗೆ ಏನಾದರೂ ನೆನಪಾಗುತ್ತದೆಯೇ? ನೆನಪಾದರೆ ಚಿತ್ರ ಸರಿಯಾಗಿದೆ.

ಆರನೇ ಹೆಜ್ಜೆ: ಗೋಡೆಗೆ ಹಾಕಿ, ತಿರುಗಿಸುತ್ತಿರಿ

ಚಿತ್ರವನ್ನು ಆ ಕೆಲಸ ನಡೆಯುವ ಜಾಗದಲ್ಲೇ ಹಾಕಿ. ಪಕ್ಕದಲ್ಲಿ ಮೊದಲ ದಿನದ ಹಾಳೆಯನ್ನೂ ಅಂಟಿಸಿ. ಹೊಸದಾಗಿ ಕಂಡದ್ದನ್ನು ಅದರ ಖಾಲಿ ಜಾಗಗಳಲ್ಲಿ ಬೇರೆ ಬಣ್ಣದಲ್ಲಿ ತುಂಬುತ್ತ ಹೋಗಿ.

ಹತ್ತು ಹದಿನೈದು ದಿನಗಳಲ್ಲಿ ಚಿತ್ರವೂ ಗೋಡೆಯೊಳಗೆ ಸೇರಿಹೋಗುತ್ತದೆ, ‘ನನ್ನ ಚಿತ್ರ’ ಎಂಬ ಚೀಟಿ ಅದಕ್ಕೂ ಅಂಟುತ್ತದೆ. ಆಗ ಮಾಡಬೇಕಾದದ್ದನ್ನು ರಷ್ಯದ ಚಿತ್ರಕಾರ ಕ್ಯಾಂಡಿನ್‌ಸ್ಕಿಯವರ ಒಂದು ನೆನಪು ಹೇಳುತ್ತದೆ. 1913ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ಅವರು ಮ್ಯೂನಿಕ್‌ನ ಒಂದು ಮುಸ್ಸಂಜೆಯನ್ನು ವಿವರಿಸಿದ್ದಾರೆ. ಹೊರಗೆ ಚಿತ್ರ ಬಿಡಿಸಿ, ಇನ್ನೂ ಅದರ ಗುಂಗಿನಲ್ಲೇ ಸ್ಟುಡಿಯೋದ ಬಾಗಿಲು ತೆರೆದಾಗ, ಒಳಗಿಂದ ಬೆಳಗುತ್ತಿರುವಂಥ ಅಪೂರ್ವ ಚಿತ್ರವೊಂದು ಕಂಡಿತು. ಆಕಾರ ಮತ್ತು ಬಣ್ಣ ಬಿಟ್ಟರೆ ಅದರಲ್ಲಿ ಏನಿದೆ ಎಂದೇ ತಿಳಿಯಲಿಲ್ಲ. ಹತ್ತಿರ ಹೋದರೆ ಅದು ಅವರದೇ ಚಿತ್ರ, ಗೋಡೆಗೆ ಅಡ್ಡಲಾಗಿ ಒರಗಿಸಿಟ್ಟಿತ್ತು. ಮರುದಿನ ಹಗಲಿನಲ್ಲಿ ಅದೇ ಅನುಭವಕ್ಕಾಗಿ ಮತ್ತೆ ಪ್ರಯತ್ನಿಸಿದರು. ಅರ್ಧ ಮಾತ್ರ ಸಿಕ್ಕಿತು. ಅಡ್ಡಲಾಗಿ ಇದ್ದರೂ ವಸ್ತುಗಳ ಗುರುತು ಹತ್ತುತ್ತಲೇ ಇತ್ತು, ಮುಸ್ಸಂಜೆಯ ಬೆಳಕೂ ಇರಲಿಲ್ಲ.

ಹಾಗಾಗಿ ನಿನ್ನೆ ಕಂಡದ್ದೇ ಇವತ್ತೂ ಕಾಣಲಿ ಎಂದು ಕಾಯಬೇಡಿ. ಚಿತ್ರವನ್ನು ಕಾಲು ಸುತ್ತು ತಿರುಗಿಸಿ, ಇಲ್ಲವೇ ಬೆಳಕು ಬದಲಾದ ಹೊತ್ತಿನಲ್ಲಿ ನೋಡಿ. ನಾಲ್ಕೂ ಬದಿ ಮುಗಿದಮೇಲೆ ಇಳಿಸಿಟ್ಟು, ಬೇರೊಂದು ರೂಢಿಯನ್ನು, ಬೇರೊಂದು ಚಿತ್ರವನ್ನು ಆರಿಸಿಕೊಂಡು ಮೊದಲಿಂದ ಶುರುಮಾಡಿ.

ನನ್ನದು ಈಗ ಎರಡನೇ ಬದಿಯಲ್ಲಿದೆ. ಬಲಗೈಯ ಎರಡು ದಟ್ಟ ಪಟ್ಟಿಗಳು ಈಗ ಕಂಬಗಳಂತೆ ನೆಟ್ಟಗೆ ನಿಂತಿವೆ. ಎಡಗೈಗಾಗಿ ಮೇಲಕ್ಕೆ ಎಳೆದಿದ್ದ ತೆಳು ಗೀರು ಅಡ್ಡಕ್ಕೆ ಮಲಗಿದೆ. ನಿನ್ನೆ ಬೆಳಗ್ಗೆ ಅದನ್ನು ನೋಡಿ ಬಂದು ಬಾಗಿಲ ಮುಂದೆ ನಿಂತಾಗ ಗೊತ್ತಾಯಿತು, ಎಡಗೈ ಬಾಗಿಲನ್ನು ಮೇಲಕ್ಕಷ್ಟೇ ಎತ್ತುವುದಿಲ್ಲ, ನನ್ನ ಕಡೆಗೂ ಒಂಚೂರು ಎಳೆದು ಹಿಡಿಯುತ್ತದೆ.